ವೀಳ್ಯ ಕೊಟ್ಟವನು

ಇದು ನಡೆದ ಕಥೆ. ಪೂರ್ತಿ ನಡೆಯಿತು ಎನ್ನಲಿಕ್ಕಾಗದು, ಅರ್ಧ ಕಥೆ ಗೇಟಿನ ಹತ್ತಿರ ನಿಂತೇ ಇತ್ತು. ಆದರೆ ಇದರಲ್ಲಿ ನಾನು ಹುಟ್ಟಿಸಿದ್ದು ಏನೂ ಇಲ್ಲ. ಹುಟ್ಟಿಸಿದ್ದೇನಿದ್ದರೂ ನಿತ್ಯಾನಂದನ ಮಗ ಉಜ್ವಲ, ಅದೂ ತನ್ನನ್ನು ಹುಟ್ಟಿಸಿದವನ ಬಗ್ಗೆ.

ನಿತ್ಯಾನಂದ ಕಲ್ಲಡ್ಕದ ಒಳರಸ್ತೆಯಲ್ಲಿರುವ ವಾಲಗದವನು. ಮದುವೆಗೆ, ಗೃಹಪ್ರವೇಶಕ್ಕೆ, ದೇವಸ್ಥಾನದ ಬಲಿ ಉತ್ಸವಕ್ಕೆ ಸ್ಯಾಕ್ಸೋಫೋನ್ ಊದುವುದು ಅವನ ಕಸುಬು. ಈ ಕಡೆ ಸ್ಯಾಕ್ಸೋಫೋನ್ ಕೇಳದೆ ಹುಡುಗಿ ಮಂಟಪಕ್ಕೆ ಬರುವುದಿಲ್ಲ, ದೇವರು ಗುಡಿಯಿಂದ ಹೊರಗೆ ಬರುವುದಿಲ್ಲ. ಉಸಿರಿನ ಕೆಲಸ, ಆದರೆ ಉಸಿರೆತ್ತುವ ಹಾಗಿಲ್ಲ. ಊದು ಎಂದಲ್ಲಿ ಊದಬೇಕು, ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಹೆಂಡತಿ ಕಾಂತಿ ಮನೆಯಲ್ಲೇ ಬೀಡಿ ಕಟ್ಟುತ್ತಾಳೆ. ಮಗಳು ಸಾತ್ವಿಕಾ ಬೆಳ್ತಂಗಡಿಯ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ದಿನವಿಡೀ ಜನರ ಮಾತು ಕೇಳಿ, ಸಂಜೆ ಮನೆಗೆ ಬಂದು ಅದೇ ಜನರ ಗಂಟಲಿನಲ್ಲಿ ಮಾತಾಡುತ್ತಾಳೆ. ಮ್ಯಾನೇಜರ್ ಕೆಮ್ಮುವುದರಿಂದ ಹಿಡಿದು ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ "ಮುಂದೆ ಹೋಗುವ" ಎನ್ನುವವರೆಗೆ ಎಲ್ಲವೂ ಅವಳಲ್ಲಿ ಉಂಟು.

ಕಿರಿಯವ ಉಜ್ವಲನಿಗೆ ಮೂಡುಬಿದಿರೆಯಲ್ಲಿ ಡಿಗ್ರಿಯ ಕೊನೆಯ ವರ್ಷ. ತೋಡಾರಿನಲ್ಲಿ ಗೆಳೆಯರ ಜೊತೆ ರೂಮು, ಶನಿವಾರ ಮಾತ್ರ ಮನೆ. ಅಪ್ಪನಿಗೆ ಏನು ಕೆಲಸ ಎಂದು ಗೆಳೆಯರು ಕೇಳಿದಾಗ "ಮ್ಯೂಸಿಕ್ ಈವೆಂಟ್ಸ್" ಎಂದಿದ್ದ. ಸುಳ್ಳಲ್ಲ, ಹಾಗೆಂದು ನಿಜವೂ ಅಲ್ಲ.

ಮೂಡುಬಿದಿರೆಯ ಒಂದು ಕಲಾ ಸಮಿತಿಯವರು ವಿದೇಶದ ಜಾಝ್ ತಂಡವೊಂದನ್ನು ಕರೆಸಿದ್ದರು. ನಾಲ್ಕು ಜನ, ನಾಲ್ಕು ದೇಶ. ಉಜ್ವಲ ಅದರ ಸ್ವಯಂಸೇವಕ. ಸಮಿತಿಯ ಕಾರ್ಯದರ್ಶಿ ಟೈಲ್ಸ್ ಅಂಗಡಿಯವರು. ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಸಂಪ್ರದಾಯದಂತೆ ವಾಲಗದಲ್ಲಿ ಕರೆತರಬೇಕು, ಯಾರಿಗಾದರೂ ಒಳ್ಳೆಯ ಸ್ಯಾಕ್ಸೋಫೋನಿನವರು ಗೊತ್ತುಂಟಾ ಎಂದು ಸಭೆಯಲ್ಲಿ ಕೇಳಿದರು. ಬೇರೆ ಯಾರದೋ ಹೆಸರು ಬಂತು. ಉಜ್ವಲನಿಗೆ ತಡೆಯಲಾಗಲಿಲ್ಲ. ಅವರಿಗಿಂತ ಬಂಟ್ವಾಳ ಕಡೆ ಒಬ್ಬರು ಇದ್ದಾರೆ, ಅವರ ಹಾಗೆ ಊದುವವರು ಈ ಮೂರು ತಾಲೂಕಿನಲ್ಲಿ ಇಲ್ಲ ಎಂದುಬಿಟ್ಟ. ಹೆಮ್ಮೆ ಬಾಯಿಗೆ ಬಂತು, ಸಂಬಂಧ ಗಂಟಲಲ್ಲೇ ಉಳಿಯಿತು.

ಫೋನಿನಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ. ಆದರೆ ವಾಲಗದವರನ್ನು ಒಪ್ಪಿಸುವುದು ವೀಳ್ಯ ಕೊಟ್ಟು, ಮನೆಗೇ ಹೋಗಿ. ನಂಬರು ಕೊಟ್ಟವನೇ ದಾರಿಯನ್ನೂ ತೋರಿಸಲಿ ಎಂದು ಕಾರ್ಯದರ್ಶಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡರು. ಹೊಟ್ಟೆನೋವು ಎಂದ, ಪರೀಕ್ಷೆ ಎಂದ, ಯಾವುದೂ ನಡೆಯಲಿಲ್ಲ. ಕಲ್ಲಡ್ಕದಲ್ಲಿ ಕಾರು ನಿಲ್ಲಿಸಲು ಹೇಳಿ, ಇಳಿದು, ಅಂಗಡಿಯಲ್ಲಿ ತನ್ನ ಮನೆಯ ದಾರಿಯನ್ನು ತಾನೇ ಕೇಳಿದ. ಅಂಗಡಿಯವನು ಅವನ ಹಣೆ ಮುಟ್ಟಿ ನೋಡಿದನಂತೆ.

ಭಾನುವಾರವಾದ್ದರಿಂದ ಮನೆಯಲ್ಲಿ ಎಲ್ಲರೂ ಇದ್ದರು. ನಿತ್ಯಾನಂದ ಜಗಲಿಯಲ್ಲಿ ಸ್ಯಾಕ್ಸೋಫೋನ್ ಒರೆಸುತ್ತಿದ್ದ. ಕಾರಿನಿಂದ ಅಪರಿಚಿತರೊಬ್ಬರು ಇಳಿದರು, ಅವರ ಹಿಂದೆ ಮಗ ಇಳಿದ. ನಿತ್ಯಾನಂದನ ಮುಖ ಅರಳಿತು. ಅಷ್ಟರಲ್ಲಿ ಮಗ ಕೈ ಮುಗಿದು, "ನಮಸ್ಕಾರ. ನಿತ್ಯಾನಂದ ಅಂದರೆ ನೀವೇ ಅಲ್ವಾ?" ಎಂದ.

ನಿತ್ಯಾನಂದ ಮಗನ ಕಣ್ಣು ನೋಡಿದ. ಅದರಲ್ಲಿ ಬೇಡಿಕೆ ಇತ್ತು. ಹೊರಗಿನವರ ಎದುರು ಮಗನ ಮುಖ ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಹೌದು, ನಾನೇ. ಬನ್ನಿ" ಎಂದ.

ಬಾಗಿಲಲ್ಲಿದ್ದ ಸಾತ್ವಿಕಾ ಎಲ್ಲವನ್ನೂ ಕೇಳಿಸಿಕೊಂಡಳು. ಗೋಡೆಯ ಮೇಲೆ ತಮ್ಮನ ಶಾಲೆಯ ಫೋಟೋ ಇತ್ತು. ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಜಗಲಿಯಲ್ಲಿದ್ದ ಮನೆಯವರಲ್ಲಿ ನಾಟಕ ಗೊತ್ತಾಗದ್ದು ನಾಯಿಗೆ ಮಾತ್ರ. ಅದು ಉಜ್ವಲನ ಕಾಲಿಗೆ ಸುತ್ತಿ, ಪ್ಯಾಂಟು ಹಿಡಿದು ಎಳೆಯಿತು. ನಾಯಿಗೆ ನಿನ್ನನ್ನು ಕಂಡರೆ ಖುಷಿ ಎಂದು ಕಾರ್ಯದರ್ಶಿ ಮೆಚ್ಚಿಕೊಂಡರು. ಅಡುಗೆಮನೆಯಲ್ಲಿದ್ದ ಕಾಂತಿಗೆ ಏನೂ ತಿಳಿದಿರಲಿಲ್ಲ. ನೀರು, ಬೆಲ್ಲ ತಂದು ಮೊದಲು ದೊಡ್ಡವರಿಗೆ ಕೊಟ್ಟಳು, ಆಮೇಲೆ ಮಗನ ಕಡೆ ಚಾಚಿದಳು.

"ಥ್ಯಾಂಕ್ಸ್ ಆಂಟಿ" ಎಂದ ಉಜ್ವಲ.

ತಟ್ಟೆ ವಾಲಿತು. ಬೆಲ್ಲದ ತುಂಡು ನೆಲಕ್ಕೆ ಬಿತ್ತು. ಕಾಂತಿ ಅದನ್ನು ಹೆಕ್ಕದೆ ಒಳಗೆ ಹೋದಳು.

ವೀಳ್ಯವನ್ನು ನೀನೇ ಕೊಡು, ನಿಮ್ಮ ತಲೆಮಾರು ಇದನ್ನೆಲ್ಲ ಕಲಿಯಬೇಕು ಎಂದರು ಕಾರ್ಯದರ್ಶಿ. ಮಗ ಎಲೆ ಅಡಿಕೆ ನೀಡಿದ. ಅಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ, ಕಣ್ಣಿಗೆ ಒತ್ತಿಕೊಂಡ.

"ಕ್ರಮ ಗೊತ್ತುಂಟಲ್ಲ?" ಎಂದ, ಮಗನನ್ನೇ ನೋಡುತ್ತಾ. "ಸುರು ಮಾಡುವುದು ನಾನು. ನಿಲ್ಲಿಸುವುದು ವೀಳ್ಯ ಕೊಟ್ಟವರು. ಅವರು ಬಂದು 'ಸಾಕು, ಮಂಗಳ ಹಾಡಿ' ಅಂತ ಹೇಳಬೇಕು. ಬೇರೆ ಯಾರು ಹೇಳಿದರೂ ನಾವು ನಿಲ್ಲಿಸುವುದಿಲ್ಲ."

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಕಾಂತಿ ಬೆಲ್ಲದ ತಟ್ಟೆಯನ್ನು ಅಂಗಳಕ್ಕೆ ಬೀಸಿ ಒಗೆದಳು. "ಆಂಟಿ ಅಂತೆ. ಒಂಬತ್ತು ತಿಂಗಳು ಬಾಡಿಗೆಗೆ ಇದ್ದನಾ ಇವನು?"

ಮುಂದಿನ ಶನಿವಾರ ಉಜ್ವಲ ಚೀಲ ಹಿಡಿದು ಬಂದಾಗ ಸಾತ್ವಿಕಾ ಜಗಲಿಗೇ ಬಂದು ಎದುರುಗೊಂಡಳು. ಗಂಟಲು ಟೈಲ್ಸ್ ಅಂಗಡಿಯವರದ್ದು. "ಬನ್ನಿ ಬನ್ನಿ, ಕೂತ್ಕೊಳ್ಳಿ. ದಾರಿ ಸಿಕ್ಕಿತಾ ಸುಲಭದಲ್ಲಿ?"

ಉಜ್ವಲ ನಕ್ಕ. ಒಳಗೆ ಹೋಗಲು ಹೊರಟರೆ ಅವಳು ಕುರ್ಚಿ ಅಡ್ಡ ಇಟ್ಟಳು. ಕಾಂತಿ ನೀರು ಬೆಲ್ಲ ತಂದಿಟ್ಟು, ಬಿಸಿಲಿನಲ್ಲಿ ಬಂದಿದ್ದೀರಿ, ಸುಧಾರಿಸಿಕೊಳ್ಳಿ ಎಂದಳು. ಊಟಕ್ಕೆ ಅಡುಗೆಮನೆಯಲ್ಲಿ ಮೂವರು, ಚಾವಡಿಯಲ್ಲಿ ಬಾಳೆ ಎಲೆಯ ಎದುರು ಇವನೊಬ್ಬ. ಬಂಗುಡೆ ಪುಳಿಮುಂಚಿಯ ಪರಿಮಳ ಅಲ್ಲಿಂದ ಬರುತ್ತಿತ್ತು. ಇವನ ಎಲೆಗೆ ಅನ್ನ, ಸಾರು, ಹಪ್ಪಳ. ನೀವು ಮೀನು ತಿನ್ನುತ್ತೀರೋ ಇಲ್ಲವೋ ನಮಗೆ ಗೊತ್ತಿಲ್ಲವಲ್ಲ ಎಂದಳು ಕಾಂತಿ. ಸ್ನಾನಕ್ಕೆ ಹೋದರೆ ಅವನ ಬೈರಾಸು ಇರಲಿಲ್ಲ. ನೆಂಟರಿಗೆಂದು ಕಪಾಟಿನಲ್ಲಿ ಇಟ್ಟಿದ್ದ, ಮಡಿಕೆ ಬಿಚ್ಚದ ಹೊಸ ಟವೆಲು ತೂಗುತ್ತಿತ್ತು.

ಅದರ ಮುಂದಿನ ಶನಿವಾರವೂ ಅದೇ ಮರ್ಯಾದೆ. ಮೂರನೆಯ ಸಲ ಉಜ್ವಲ ಎಲೆಯನ್ನು ತಳ್ಳಿ ಎದ್ದ.

"ಸಾಕು ಮಾಡು ಅಕ್ಕ ನಿನ್ನ ನಾಟಕ."

"ಸುರು ಮಾಡಿದ್ದು ನೀವು. ನಾವು ನಿಮ್ಮ ಪಾತ್ರಕ್ಕೆ ಸರಿಯಾಗಿ ಉತ್ತರ ಕೊಡುವುದು ಅಷ್ಟೆ."

"ನಾನು ಮಾಡಿದ್ದು ತಪ್ಪು. ಎಷ್ಟು ಸಲ ಹೇಳಬೇಕು?"

"ನಮಗೆ ಯಾಕೆ ಹೇಳುವುದು?" ಕಾಂತಿ ಒಳಗಿನಿಂದಲೇ ಹೇಳಿದಳು. "ಅಲ್ಲಿ ಹೇಳು. ನಿನ್ನ ಆ ಟೈಲ್ಸಿನವರ ಹತ್ತಿರ, ನಿನ್ನ ರೂಮಿನವರ ಹತ್ತಿರ. ಗೇಟಿನಲ್ಲಿ ಊದುವುದು ನನ್ನ ಅಪ್ಪ ಅಂತ."

ಅಂಗಳದಲ್ಲಿ ಕೈ ತೊಳೆಯುತ್ತಿದ್ದ ನಿತ್ಯಾನಂದ, ಅವನಿಗೆ ನಾಚಿಕೆ ಆಗುತ್ತದೆ, ಬಿಡು ಎಂದ. ಅಷ್ಟು ದಿನ ಅವನು ಈ ಜಗಳದಲ್ಲಿ ಬಾಯಿ ಹಾಕಿರಲಿಲ್ಲ. ಅಂದು ಹಾಕಿದ್ದೇ ತಪ್ಪಾಯಿತು.

"ಹೌದು, ನಾಚಿಕೆ ಆಗುತ್ತದೆ" ಎಂದು ಉಜ್ವಲ ಅತ್ತ ತಿರುಗಿದ. "ಕಲಿಸಿದ್ದು ಯಾರು? ಬೆಳ್ತಂಗಡಿಯ ಒಂದು ಮದುವೆಯಲ್ಲಿ ನಾನು ಗೊತ್ತಿಲ್ಲದೆ ಮೊದಲ ಪಂಕ್ತಿಯಲ್ಲಿ ಕೂತಿದ್ದೆ. ಮೂರನೇ ಕ್ಲಾಸು. ನೀವೇ ಬಂದು ಕಿವಿ ಹಿಡಿದು ಎಬ್ಬಿಸಿದಿರಿ. ಇದು ಯಾರ ಹುಡುಗ ಅಂತ ಮದುವೆ ಮನೆಯವರು ಕೇಳಿದರು. ಏನು ಹೇಳಿದಿರಿ ಅಪ್ಪ? ಹೇಳಿ ಈಗ."

ನಿತ್ಯಾನಂದ ತೊಳೆದ ಕೈಯನ್ನೇ ಮತ್ತೆ ತೊಳೆದ.

"ವಾದ್ಯದ ಪೆಟ್ಟಿಗೆ ಹಿಡಿಯಲಿಕ್ಕೆ ಬಂದವ ಅಂದಿರಿ. ಮಗ ಅನ್ನಲಿಲ್ಲ. ನಾನು ಅಲ್ಲೇ ನಿಂತಿದ್ದೆ."

ನಿತ್ಯಾನಂದನ ಕೈ ಮೇಲಕ್ಕೆ ಹೋಯಿತು. ಅರ್ಧದಲ್ಲೇ ನಿಂತು ಕೆಳಗೆ ಬಂತು. ಉಜ್ವಲ ಉಣ್ಣದೆ ಬಸ್ಸು ಹತ್ತಿದ.

ಕಾಂತಿ ಬೀಡಿ ಎಲೆ ತುಂಬಿದ ಬಿದಿರಿನ ತಡ್ಪೆಯನ್ನು ಮಡಿಲಿನಿಂದ ಇಳಿಸಿ ಗಂಡನ ಎದುರು ಬಂದು ನಿಂತಳು. "ಹೌದಾ?"

"ಆ ಮದುವೆ ಮನೆಯವರು ದೊಡ್ಡವರು. ಮಗನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ ಅಂತ ಆಗುತ್ತಿತ್ತು. ಮತ್ತೆ ವೀಳ್ಯ ಬರುತ್ತಿರಲಿಲ್ಲ."

"ನಾನು ಕೇಳಿದ್ದು ಹೌದಾ ಅಲ್ಲವಾ ಅಂತ."

"ಹೌದು."

ಮರುದಿನ ಮಧ್ಯಾಹ್ನ ಚಾವಡಿಯಲ್ಲಿ ಮತ್ತೆ ಬಾಳೆ ಎಲೆ ಬಿತ್ತು. ಈ ಸಲ ನಿತ್ಯಾನಂದನಿಗೆ. ಅನ್ನ, ಸಾರು, ಹಪ್ಪಳ. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಪ್ಪನನ್ನು ಅಣಕಿಸುವ ಧೈರ್ಯ ಸಾತ್ವಿಕಾಳಿಗೂ ಬರಲಿಲ್ಲ. ಅವಳು ಬೆಳ್ತಂಗಡಿಯಿಂದ ತಡವಾಗಿ ಬರತೊಡಗಿದಳು. ಬಂದರೆ ಯಾರ ಗಂಟಲಿನಲ್ಲಿಯೂ ಮಾತಾಡುತ್ತಿರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಸಂಜೆ ಅಬ್ದುಲ್ ಶುಕೂರ್ ಬಂದ. ಕಲ್ಲಡ್ಕದಲ್ಲಿ ಅವನದ್ದು ಮೈಕು, ಲೈಟಿನ ವ್ಯಾಪಾರ. ನಿತ್ಯಾನಂದ ಊದಿದ ಅರ್ಧ ಮದುವೆಗಳಲ್ಲಿ ಅವನದ್ದೇ ಸೌಂಡು. ಮೂಡುಬಿದಿರೆಯ ಕಾರ್ಯಕ್ರಮಕ್ಕೂ ಅವನೇ. "ಕ್ವಾರ್ಟೆಟ್ ಅಂತೆ ನಿತ್ಯಣ್ಣ, ನಾಲ್ಕು ಜನರ ತಂಡ. ನನ್ನ ಹುಡುಗರು ಕ್ವಾರ್ಟರ್ ಅಂದುಕೊಂಡು ಎಲ್ಲರೂ ಡ್ಯೂಟಿಗೆ ಬರುತ್ತೇವೆ ಅಂತ ಹೇಳ್ತಾರೆ" ಎಂದ. ಯಾರೂ ನಗಲಿಲ್ಲ. ಮನೆಯ ಗಾಳಿ ಅವನಿಗೆ ತಿಳಿಯಿತು. ಚಹಾ ಬೇಡ ಎಂದು ಎದ್ದ.

ಅವನು ಹೊರಟ ಮೇಲೆ, ನಾಳೆ ನೀವು ಹೋಗಬೇಡಿ ಎಂದಳು ಕಾಂತಿ, ಎಷ್ಟೋ ದಿನದ ಮೇಲೆ ಗಂಡನೊಡನೆ ಮಾತಾಡಿ. ವೀಳ್ಯ ತೆಗೆದುಕೊಂಡಾಗಿದೆ, ಸಾವಿನ ಮನೆಯಾದರೆ ಮಾತ್ರ ಬಿಡುಗಡೆ ಎಂದ ನಿತ್ಯಾನಂದ.

"ಹೋಗಿ ಏನು ಮಾಡುತ್ತೀರಿ? ಅವನು ದೂರದಿಂದ ಕೈ ಬೀಸುತ್ತಾನೆ, ನೀವು ನಿಲ್ಲಿಸುತ್ತೀರಿ. ಪಾರ್ಸೆಲ್ ಅನ್ನ ಹಿಡಿದುಕೊಂಡು ಬರುತ್ತೀರಿ."

"ಈ ಸಲ ಕೈಗೆ ನಿಲ್ಲಿಸುವುದಿಲ್ಲ. ಹತ್ತಿರ ಬರಲಿ. ಕರೆಯಲಿ. ಏನಂತ ಕರೆಯುತ್ತಾನೆ ನೋಡುವ."

"ಕರೆಯದಿದ್ದರೆ?"

"ಉಸಿರು ಇರುವವರೆಗೆ ಊದುತ್ತೇನೆ" ಎಂದ ನಿತ್ಯಾನಂದ. ಹೇಳಿದ ರೀತಿಗೆ ಕಾಂತಿ ಹೆದರಿದಳು. ಹಾಗಾಗಿಯೇ ಮರುದಿನ ಅವಳು ಮತ್ತು ಸಾತ್ವಿಕಾ ಶುಕೂರನ ಗಾಡಿ ಹತ್ತಿದರು. ಪಾಸ್ ಇರಲಿಲ್ಲ. ಸೌಂಡಿನವರು ಕೂರುವ ಮೇಜಿನ ಪಕ್ಕದಲ್ಲಿ ಶುಕೂರ್ ಎರಡು ಖಾಲಿ ಪೆಟ್ಟಿಗೆ ಮಗುಚಿ ಹಾಕಿ ಕೂರಿಸಿದ.

ಬಯಲು ರಂಗಮಂದಿರ ತುಂಬಿತ್ತು. ಗೇಟಿನಲ್ಲಿ ನಿತ್ಯಾನಂದ ಬಿಳಿ ಅಂಗಿ, ಜರಿ ಶಾಲು ಹಾಕಿ ನಿಂತಿದ್ದ. ಪಕ್ಕದಲ್ಲಿ ಡೋಲಿನ ಕೊರಗಪ್ಪ. ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡ ಉಜ್ವಲ ಗೆಳೆಯರ ಜೊತೆ ಅತ್ತಿತ್ತ ಓಡಾಡುತ್ತಿದ್ದ. ಗೇಟಿನ ಹತ್ತಿರ ಬಂದಾಗೆಲ್ಲ ಮೊಬೈಲು ನೋಡುತ್ತಿದ್ದ. ಗೆಳೆಯನೊಬ್ಬ ವಾಲಗದವರಿಗೆ ನೀರು ಕೊಟ್ಟಿದ್ದಾರಾ ಎಂದು ಕೇಳಿದ. ಉಜ್ವಲ ಕೇಳಿಸದವನ ಹಾಗೆ ಮುಂದೆ ಹೋದ.

ವ್ಯಾನು ಬಂತು, ನಾಲ್ವರು ಇಳಿದರು. ಸ್ಯಾಕ್ಸೋಫೋನಿನ ಪೋರ್ಚುಗಲ್ಲಿನವನು ಬೋಳುತಲೆಯವ. ಪಿಯಾನೋದವಳು ಜಪಾನಿನವಳು. ಕಪಾಟಿನಷ್ಟು ದೊಡ್ಡ ಪಿಟೀಲು ಹಿಡಿದವನು ಡೆನ್ಮಾರ್ಕಿನವನು, ಡ್ರಮ್ಮಿನವನು ಬ್ರೆಜಿಲಿನವನು. ನಿತ್ಯಾನಂದ ಮೋಹನ ರಾಗದಲ್ಲಿ ಒಂದು ದೇವರ ನಾಮ ಎತ್ತಿಕೊಂಡ. ಕೊರಗಪ್ಪನ ಡೋಲು ಜೊತೆಗೂಡಿತು. ಜನ ಎದ್ದು ನಿಂತರು. ಮೆರವಣಿಗೆ ವೇದಿಕೆಯ ಮೆಟ್ಟಿಲಿಗೆ ಬಂತು. ಅತಿಥಿಗಳು ಹತ್ತಿದರು, ವಾದ್ಯಗಳ ಎದುರು ಕೂತರು. ಕಾರ್ಯದರ್ಶಿ ಕೆಳಗೆ ನಿಂತು, ಸಾಕು ಎಂದು ಬೆರಳು ತೋರಿಸಿದರು.

ನಿತ್ಯಾನಂದ ಊದುತ್ತಲೇ ಇದ್ದ.

ಇನ್ನೊಮ್ಮೆ ತೋರಿಸಿದರು. ಬಾಯಲ್ಲಿ ಹೇಳಿದರು. ಆಮೇಲೆ ಶುಕೂರನ ಹತ್ತಿರ ಓಡಿ ಬಂದು, ಅವನ ಸೌಂಡ್ ಕಟ್ ಮಾಡು ಎಂದರು.

"ಮೈಕೇ ಕೊಟ್ಟಿಲ್ಲವಲ್ಲ ಸಾರ್ ಅವರಿಗೆ" ಎಂದ ಶುಕೂರ್. "ಆ ಸೌಂಡು ಅವರ ಸ್ವಂತದ್ದು. ಅದರ ಸ್ವಿಚ್ಚು ನನ್ನ ಹತ್ತಿರ ಇಲ್ಲ."

ಅಷ್ಟರಲ್ಲಿ ನಿತ್ಯಾನಂದನ ಕೆಲಸ ಕೆಟ್ಟಿತು. ಇದೂ ಕಾರ್ಯಕ್ರಮದ ಭಾಗ ಎಂದು ವಿದೇಶದವರು ತಿಳಿದರು. ಬೋಳುತಲೆಯವನು ನಗುತ್ತಾ ತನ್ನ ಮೈಕನ್ನು ವೇದಿಕೆಯ ಅಂಚಿಗೆ ತಂದು ನಿತ್ಯಾನಂದನ ಕಡೆ ಬಗ್ಗಿಸಿಟ್ಟ. ಡ್ರಮ್ಮಿನವನು ಡೋಲಿನ ಪೆಟ್ಟಿಗೆ ಪೆಟ್ಟು ಸೇರಿಸಿದ. ಪಿಯಾನೋ ಹಿಂದಿನಿಂದ ಬಂತು. ಬೋಳುತಲೆಯವನು ತಾನೂ ಊದಿದ. ಎರಡು ಸ್ಯಾಕ್ಸೋಫೋನ್ ಒಂದೇ ಸ್ವರದಲ್ಲಿ ಮೇಲೆ ಹೋದಾಗ ಇಡೀ ಬಯಲು ಚಪ್ಪಾಳೆ ಹೊಡೆಯಿತು. ಕಾರ್ಯದರ್ಶಿಯ ಮುಖಕ್ಕೆ ರಕ್ತ ವಾಪಸು ಬಂತು. ಅವರು ಇನ್ನೊಂದು ಮೈಕ್ ಹಿಡಿದು, ಇದು ಸಮಿತಿಯ ವಿಶೇಷ ಏರ್ಪಾಡು ಎಂದು ಘೋಷಿಸಿದರು.

ಉಜ್ವಲ ದೂರದಲ್ಲಿ ನಿಂತು ನಿಟ್ಟುಸಿರು ಬಿಟ್ಟದ್ದು ಸಾತ್ವಿಕಾಳಿಗೆ ಕಂಡಿತು. "ಕಳ್ಳ, ತಪ್ಪಿಸಿಕೊಂಡ" ಎಂದಳು ತನ್ನದೇ ಗಂಟಲಿನಲ್ಲಿ.

ವಿದೇಶದವರು ಜೋರಾಗಿ ಒಂದು ಮುಕ್ತಾಯ ಕೊಟ್ಟು ನಿಲ್ಲಿಸಿದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಾಗ ಒಂದೇ ಸ್ಯಾಕ್ಸೋಫೋನ್ ಕೇಳುತ್ತಿತ್ತು. ನಿತ್ಯಾನಂದ ಪಲ್ಲವಿಗೆ ವಾಪಸು ಬಂದಿದ್ದ. ಮತ್ತೊಮ್ಮೆ ಬಂದ. ಕೊರಗಪ್ಪ ಅವನ ಮುಖ ನೋಡಿ, ಏನೋ ಅರ್ಥವಾದವನ ಹಾಗೆ ಡೋಲು ಮುಂದುವರಿಸಿದ. ಜನರಲ್ಲಿ ಒಬ್ಬ ನಕ್ಕ, ಆಮೇಲೆ ಹತ್ತು ಜನ ನಕ್ಕರು. ಶಿಳ್ಳೆ ಬಂತು. ಉಜ್ವಲನ ಗೆಳೆಯರು, ಈ ಮನುಷ್ಯನಿಗೆ ಹುಚ್ಚಾ, ಕುಡಿದಿದ್ದಾನಾ ಎಂದು ಕೇಳಿಕೊಂಡು ನಗುತ್ತಿದ್ದರು. ನಿತ್ಯಾನಂದನ ಕುತ್ತಿಗೆಯ ನರ ಉಬ್ಬಿತ್ತು. ಸ್ವರ ಒಂದೆರಡು ಕಡೆ ಒಡೆಯಿತು. ಕಾಂತಿ ಪೆಟ್ಟಿಗೆಯಿಂದ ಎದ್ದಳು.

ಉಜ್ವಲ ದೂರದಿಂದ ಕೈ ಬೀಸಿದ. ಅಪ್ಪ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಉಜ್ವಲ ಹತ್ತಿರ ಬಂದ.

"ಸರ್, ಸಾಕು."

ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿತು. ಸ್ಯಾಕ್ಸೋಫೋನ್ ಇನ್ನೂ ಜೋರಾಯಿತು.

"ನಿತ್ಯಣ್ಣ, ಪ್ಲೀಸ್."

ನಿತ್ಯಾನಂದನ ಕಣ್ಣು ಕೆಂಪಾಗಿತ್ತು. ಒಂದು ಸ್ವರ ಹಿಡಿದು ನಿಂತ. ಅದು ನಡುಗಿತು, ಆದರೂ ಬಿಡಲಿಲ್ಲ. ನಗುತ್ತಿದ್ದವರಲ್ಲಿ ಕೆಲವರು ಸುಮ್ಮನಾದರು. ಉಜ್ವಲ ಗೆಳೆಯರ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ ಎರಡೂ ಕೈಯಲ್ಲಿ ಅಪ್ಪನ ಕಾಲು ಹಿಡಿದ.

"ಅಪ್ಪ. ಸಾಕಪ್ಪ. ಮಂಗಳ ಹಾಡಿ."

ನಿತ್ಯಾನಂದ ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದ. ಏದುಸಿರು ಬರುತ್ತಿತ್ತು. ಓಡಿ ಬಂದ ಕಾರ್ಯದರ್ಶಿ, ಏನು ಮಾರಾಯ ಇದು, ಯಾರು ಯಾರಿಗೆ ಅಪ್ಪ ಎಂದು ಕೇಳಿದರು.

"ಇವನು ನನ್ನ ಮಗ" ಎಂದ ನಿತ್ಯಾನಂದ. ಮೈಕ್ ಅದನ್ನೂ ಹಿಡಿಯಿತು. "ಎಲ್ಲಿ ಯಾರು ಕೇಳಿದರೂ ನನ್ನ ಮಗ. ವೀಳ್ಯ ಕೊಟ್ಟದ್ದು ಇವನು, ಇವನು ಹೇಳಿದರೆ ನಿಲ್ಲಿಸುತ್ತೇನೆ."

ಮಂಗಳ ಹಾಡಿ ಮುಗಿಸಿದ. ಗೇಟಿನ ಕಡೆ ಹೊರಟವನನ್ನು ಉಜ್ವಲ ತೋಳು ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ. ಪಕ್ಕದ ಕುರ್ಚಿಯಲ್ಲಿ ಕೊರಗಪ್ಪ ಕೂತ, ಮಡಿಲಲ್ಲಿ ಡೋಲು. ಅವು ಯಾರ ಕುರ್ಚಿ ಎಂದು ಕೇಳುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಅಮ್ಮನನ್ನು ಕರೆಯಲು ಉಜ್ವಲ ಸೌಂಡಿನ ಮೇಜಿಗೆ ಬಂದ. ನನಗೆ ಇಲ್ಲಿಂದ ಚೆನ್ನಾಗಿ ಕೇಳುತ್ತದೆ ಎಂದು ಕಾಂತಿ ಮುಖ ತಿರುಗಿಸಿದಳು.

ಜಾಝ್ ತುಂಬ ಹೊತ್ತು ನಡೆಯಿತು. ಒಬ್ಬ ಬಾರಿಸುವಾಗ ಉಳಿದವರು ಕೈ ಕಟ್ಟಿ ಕೇಳುತ್ತಿದ್ದರು, ಆಮೇಲೆ ಇನ್ನೊಬ್ಬನ ಸರದಿ. ಇವರು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರಲ್ಲ, ಬೇರೆ ಬೇರೆ ಮನೆಯವರು ಆದ್ದರಿಂದ ಇರಬೇಕು ಎಂದಳು ಕಾಂತಿ. ಶುಕೂರ್ ತಲೆ ಆಡಿಸಿದ.

ಗಂಡನಿಗೆ ಮರುದಿನದಿಂದ ಅಡುಗೆಮನೆಯಲ್ಲಿ ಊಟ. ಮಗನ ಫೋನು ಬಂದರೆ ಮಾತ್ರ ಕಾಂತಿ ಎತ್ತುತ್ತಿರಲಿಲ್ಲ. ನಿತ್ಯಾನಂದ ಅವನ ಪರವಾಗಿ ಮಾತಾಡಿದರೆ, "ನೀವು ಮೈಕಿನಲ್ಲಿ ಅಪ್ಪ ಆದಿರಿ. ನಾನು ಇನ್ನೂ ಆಂಟಿಯೇ" ಎನ್ನುತ್ತಿದ್ದಳು.

ಶನಿವಾರ ಉಜ್ವಲ ಒಬ್ಬನೇ ಬರಲಿಲ್ಲ. ಜೊತೆಗೆ ತೋಡಾರಿನ ರೂಮಿನ ಇಬ್ಬರೂ ಬಂದರು, ಆ ದಿನ ಎಲ್ಲರಿಗಿಂತ ಹೆಚ್ಚು ನಕ್ಕವರು. ಕಾಂತಿ ಬೀಡಿ ಎಲೆ ಕತ್ತರಿಸುತ್ತಾ ಜಗಲಿಯಲ್ಲಿ ಕೂತಿದ್ದಳು. ಕತ್ತರಿ ನಿ‌ಲ್ಲಲಿಲ್ಲ. ಉಜ್ವಲ ಅವಳ ಪಕ್ಕ ಬಂದು ನಿಂತ.

"ಇದು ನನ್ನ ಅಮ್ಮ" ಎಂದ. "ಬೀಡಿ ಕಟ್ಟುತ್ತಾರೆ. ನನ್ನ ಫೀಸು ಇದರಿಂದ."

ಗೆಳೆಯರು ಕೈ ಮುಗಿದರು. ಕಾಂತಿ ಅವರನ್ನು ನೋಡಿದಳು, ಮಗನನ್ನು ನೋಡಿದಳು, ತಡ್ಪೆ ಕೆಳಗಿಟ್ಟು ಎದ್ದಳು. ನೀವಿಬ್ಬರು ಕೂತ್ಕೊಳ್ಳಿ, ಊಟ ಬಡಿಸುತ್ತೇನೆ ಎಂದಳು. ಆಮೇಲೆ ಮಗನ ಕಡೆ ತಿರುಗಿದಳು.

"ನೀನು ಎಲ್ಲಿ ಕೂರುವುದು? ಹಿತ್ತಿಲಿಗೆ ಹೋಗು. ದೊಡ್ಡ ಪಾತ್ರೆಯ ಗಂಜಿ ಅಡಿ ಹಿಡಿದಿದೆ. ತಿಕ್ಕು."

ಉಜ್ವಲ ಅಂಗಿಯ ತೋಳು ಮಡಚಿ, ತೆಂಗಿನ ನಾರು ಬೂದಿ ಹಿಡಿದು, ಪಾತ್ರೆಯೊಳಗೆ ಅರ್ಧ ಇಳಿದ. ಗೆಳೆಯರ ಎಲೆಗೆ ಬಂಗುಡೆ ಬಿತ್ತು. ನಿತ್ಯಾನಂದ ಹಿತ್ತಿಲ ಬಾಗಿಲಿಗೆ ಬಂದು ನೋಡಿ, ಬುಡದಲ್ಲಿ ಕಪ್ಪು ಉಂಟು ಇನ್ನೂ ಎಂದ. ಸಾತ್ವಿಕಾ ಗೆಳೆಯರಿಗೆ ನೀರು ಬಡಿಸುತ್ತಾ, ತಮ್ಮನ ಗಂಟಲಿನಲ್ಲಿ, ಅವನ ಹಾಗೆಯೇ ಕುತ್ತಿಗೆ ಸ್ವಲ್ಪ ಓರೆ ಮಾಡಿ, "ಥ್ಯಾಂಕ್ಸ್ ಆಂಟಿ" ಎಂದಳು.

ಗೆಳೆಯರು ಉಣ್ಣುವುದು ಬಿಟ್ಟು ನಕ್ಕರು. ನಿತ್ಯಾನಂದ ಬಾಗಿಲ ಚೌಕಟ್ಟು ಹಿಡಿದು ನಕ್ಕ. ನಗಬಾರದು ಎಂದು ತುಟಿ ಕಚ್ಚಿಕೊಂಡಿದ್ದ ಕಾಂತಿ ಸೌಟು ಸಮೇತ ಒಳಗೆ ಓಡಿದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಉಜ್ವಲ. ತಲೆ ಪಾತ್ರೆಯೊಳಗೆ ಇದ್ದದ್ದರಿಂದ ಅವನ ನಗು ಮೈಕಿಲ್ಲದೆಯೇ ಆಚೆ ಮನೆಯವರೆಗೆ ಕೇಳಿತು.